ಕುದುರೆಮಸಾಲೆಯ ನಾಲ್ಕು ಚೀಟಿಗಳು

ಬೋಧನಾಭ್ಯಾಸಕ್ಕೆ ನನಗೆ ದೊರೆತ ಹತ್ತನೇ ತರಗತಿಯಲ್ಲಿ ಬಹುಪಾಲು ಮಕ್ಕಳ ಮನೆಯಲ್ಲಿ ಹಸುಗಳಿವೆ. ಹಾಗಾಗಿ ಅನುವಂಶೀಯತೆ ಪಾಠಕ್ಕೆ ಪಠ್ಯದ ಬಟಾಣಿಯ ಜೊತೆಗೆ ಅವರೇ ಕೊಯ್ದು ತರುವ ಕುದುರೆಮಸಾಲೆ ಸೊಪ್ಪನ್ನೂ ಆರಿಸಿಕೊಂಡೆ. ಒಮ್ಮೆ ಬಿತ್ತಿದರೆ ಕೆಲವು ವರ್ಷ ಕೊಯ್ಲು ಕೊಡುವ ಮೇವು ಅದು. ಪದೇ ಪದೇ ಕೊಯ್ದು ಹಸುವಿಗೆ ಹಾಕುವ ಸೊಪ್ಪಿಗೆ ಶಿಲೀಂಧ್ರನಾಶಕ ಸಿಂಪಡಿಸುತ್ತ ಇರಲಾಗದು. ರೋಗ ತಡೆಯುವ ಗುಣ ಬೀಜದಲ್ಲೇ ಇರಬೇಕು.

ಕಾಂಡ ಮತ್ತು ಬುಡವನ್ನು ಹಾಳುಮಾಡುವ ಚಿಬ್ಬು ರೋಗವನ್ನು ತಡೆಯಲು ಅಮೆರಿಕದಲ್ಲಿ 1970ರ ದಶಕದಲ್ಲಿ ‘ಆರ್ಕ್’ ಎಂಬ ತಳಿ ಬಂತು. ಇಂಥ ತಳಿಯನ್ನು ರೂಪಿಸುವ ಕ್ರಮ ಹೀಗಿದೆ: ಎಳೆಯ ಸಸಿಗಳ ಮೇಲೆ ಶಿಲೀಂಧ್ರದ ಬೀಜಕಗಳನ್ನು ಸಿಂಪಡಿಸುತ್ತಾರೆ. ಬದುಕಿ ಉಳಿದವನ್ನು ಪರಸ್ಪರ ಸಂಕರಿಸಿ ಬೀಜ ಪಡೆಯುತ್ತಾರೆ. ಹೊಸ ಸಸಿಗಳಿಗೆ ಮತ್ತೆ ಅದೇ ಪರೀಕ್ಷೆ.

ಇದನ್ನು ವಿವರಿಸಿದಾಗ ಒಬ್ಬ ಹುಡುಗಿ, “ರೋಗ ಬಂದು ಬಂದು ಗಿಡಕ್ಕೆ ರೂಢಿ ಆಗ್ತದಲ್ವಾ ಸರ್?” ಎಂದಳು. ಇಡೀ ತರಗತಿ ತಲೆಯಾಡಿಸಿತು. ಗಳಿಸಿದ ಗುಣಗಳು ಮುಂದಿನ ಪೀಳಿಗೆಗೆ ಹೋಗುವುದಿಲ್ಲ ಎಂಬ ವಾಕ್ಯ ಅವರ ನೋಟ್ಸಿನಲ್ಲಿತ್ತು; ನಂಬಿಕೆ ಮಾತ್ರ ಬೇರೆಯೇ ಇತ್ತು.

ಮರುದಿನದ ಪಾಠಯೋಜನೆಗೆ ಒಂದು ಚಟುವಟಿಕೆ ಸೇರಿಸಿದೆ. ಕುದುರೆಮಸಾಲೆಯಲ್ಲಿ ಪ್ರತಿ ವಂಶವಾಹಿಗೂ ನಾಲ್ಕು ಪ್ರತಿಗಳಿರುತ್ತವೆ. ಆದ್ದರಿಂದ 32 ಮಕ್ಕಳಿಗೆ ತಲಾ ನಾಲ್ಕು ಚೀಟಿ. ಆರು ಮಂದಿಗೆ ಮಾತ್ರ ಒಂದೊಂದು ಕೆಂಪು ಚೀಟಿ, ಉಳಿದವೆಲ್ಲ ಬಿಳಿ. ಒಂದು ಕೆಂಪು ಇದ್ದರೂ ಗಿಡ ಬದುಕುತ್ತದೆ. “ರೋಗ ಬಂತು” ಎಂದೊಡನೆ 26 ಮಂದಿ ಕುಳಿತರು. ನಿಂತ ಆರು ಮಂದಿ ಮೂರು ಜೋಡಿಯಾದರು. ಪ್ರತಿ ಜೋಡಿಗೆ ಎಂಟು ಸಸಿ. ಪ್ರತಿ ಸಸಿಗೂ ಇಬ್ಬರಿಂದಲೂ ಎರಡೆರಡು ಚೀಟಿಗಳನ್ನು ಕಣ್ಣುಮುಚ್ಚಿ ಎತ್ತಿ, ಬಣ್ಣ ಬರೆದುಕೊಂಡು ಮರಳಿ ಇಟ್ಟರು.

24 ಸಸಿಗಳಲ್ಲಿ 17 ಉಳಿದವು. “ಇಬ್ಬರೂ ಬದುಕಿದವರೇ, ಮತ್ತೆ ಏಳು ಸಸಿ ಯಾಕೆ ಸತ್ತವು?” ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು. ಕೆಂಪು ಚೀಟಿ ಕೈಗೆ ಸಿಗುವ ಸಂಭವ ಪ್ರತಿ ಪೋಷಕನಿಂದ ಅರ್ಧ. ಆದ್ದರಿಂದ ನಾಲ್ಕರಲ್ಲಿ ಒಂದು ಸಸಿಗೆ ನಾಲ್ಕೂ ಬಿಳಿಯೇ ಬರಬಹುದು ಎಂದು ಕಪ್ಪುಹಲಗೆಯ ಮೇಲೆ ಅವರೇ ಲೆಕ್ಕ ಹಾಕಿದರು. ಅಮೆರಿಕದ ಶ್ರೇಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಗಿಡಗಳು ರೋಗ ತಡೆದರೆ ಆ ತಳಿಯನ್ನು ‘ಅತಿ ನಿರೋಧಕ’ ಎನ್ನುತ್ತಾರೆಂದು ಆಗ ಹೇಳಿದೆ. ಯಾರಿಗೂ ಆಶ್ಚರ್ಯವಾಗಲಿಲ್ಲ.

ನಂತರ ಕೇಳಿದ್ದು ಒಂದೇ ಪ್ರಶ್ನೆ: “ರೋಗ ಬಂದಾಗ ಯಾರ ಕೈಯ ಚೀಟಿಯ ಬಣ್ಣ ಬದಲಾಯಿತು?” ಯಾರದ್ದೂ ಇಲ್ಲ. ಗಿಡ ಕಲಿಯಲಿಲ್ಲ, ಗುಂಪಿನಲ್ಲಿ ಕೆಂಪು ಚೀಟಿಗಳ ಪಾಲು ಹೆಚ್ಚಿತು. ರೂಢಿಯ ಮಾತೆತ್ತಿದ ಹುಡುಗಿ ಇದನ್ನು ತನ್ನ ಮಾತಿನಲ್ಲೇ ಬರೆದು ತೋರಿಸಿದಳು.

ಆರ್ಕ್ ತಳಿಯನ್ನೂ ಬಾಧಿಸುವ ಶಿಲೀಂಧ್ರದ ಹೊಸ ಬಗೆ ಅದೇ ದಶಕದಲ್ಲಿ ಕಂಡುಬಂತು. ಅದನ್ನು ತಿಳಿಸಿದಾಗ ಹಿಂದಿನ ಬೆಂಚಿನಿಂದ, “ಹಾಗಾದ್ರೆ ಶಿಲೀಂಧ್ರದ ಹತ್ರಾನೂ ಚೀಟಿ ಇದೆ ಸರ್” ಎಂಬ ಮಾತು ಬಂತು. ಘಟಕ ಪರೀಕ್ಷೆಗೂ ಮೊದಲೇ ನನಗೆ ಸಿಕ್ಕ ಮೌಲ್ಯಮಾಪನ ಅದು. ಆಯ್ಕೆಯ ಪರಿಕಲ್ಪನೆ ಬೋಧಿಸುವ ಸಹಪಾಠಿಗಳು ವ್ಯಾಖ್ಯೆ ಬರೆಸುವ ಮುನ್ನ ಮಕ್ಕಳ ಕೈಗೆ ಚೀಟಿ ಕೊಟ್ಟು ನೋಡಬಹುದು.