ಘಾಟಿ ಇಳಿಯುವ ಗೇರು

ಕಳೆದ ತಿಂಗಳು ಮೊಮ್ಮಗನ ಜೊತೆ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೊರಟಿದ್ದೆ. ಕೆಂಪು ಬಸ್ಸು, ಡ್ರೈವರ್ ಹಿಂದಿನ ಸೀಟು. ಮಾರನಹಳ್ಳಿ ದಾಟಿ ಶಿರಾಡಿ ಘಾಟಿಯ ಇಳಿಜಾರು ಶುರುವಾಗುವ ಮುಂಚೆ ಬಸ್ಸನ್ನು ಯಾರೋ ಹಿಂದಿನಿಂದ ಹಿಡಿದು ಎಳೆದಂತಾಯಿತು. ಆಮೇಲೆ 'ಗೊಂಯ್' ಎಂಬ ಒಂದೇ ರಾಗ.

"ತಾತ, ಹತ್ತುವಾಗ ಕೂಗಿದ್ರೆ ಸರಿ. ಇಳಿಯುವಾಗ ಯಾಕೆ ಹೀಗೆ ಕೂಗುತ್ತೆ?" ಎಂದ ಹುಡುಗ.

ನಾನೂ ಇದೇ ರಸ್ತೆಯಲ್ಲಿ ಈ ಪ್ರಶ್ನೆ ಕೇಳಿದ್ದೆ. ಅದು 1976. ಉಪ್ಪಿನಂಗಡಿಯ ಬ್ಯಾಂಕಿಗೆ ವರ್ಗವಾಗಿತ್ತು, ಬೆಳಿಗ್ಗೆ ಹತ್ತಕ್ಕೆ ಹಾಜರಿ ಹಾಕಬೇಕು. ಬಸ್ಸು ತಪ್ಪಿತು. ಹಾಸನದ ಆಲೂಗಡ್ಡೆ ಹೇರಿಕೊಂಡು ಮಂಗಳೂರಿಗೆ ಹೊರಟಿದ್ದ ಲಾರಿಯವನೊಬ್ಬ ಟ್ರಂಕಿನ ಸಮೇತ ಹತ್ತಿಸಿಕೊಂಡ. ನಲವತ್ತರ ಆಸುಪಾಸಿನ ಮನುಷ್ಯ, ಬಾಯಲ್ಲಿ ಎಲೆಯಡಿಕೆ. ಜೊತೆಗೆ ಮೀಸೆ ಮೂಡದ ಒಬ್ಬ ಕ್ಲೀನರ್ ಹುಡುಗ. ಅವನ ಕಾಲ ಬಳಿ, ಗಾಲಿಗೆ ಅಡ್ಡ ಕೊಡುವ ಮರದ ತುಂಡು.

ನನಗೋ ಗಡಿಯಾರದ ಮೇಲೇ ಕಣ್ಣು. ಆತ ಮಾರನಹಳ್ಳಿಯಲ್ಲಿ ಲಾರಿ ನಿಲ್ಲಿಸಿ ನಿಧಾನವಾಗಿ ಚಹಾ ಕುಡಿದ. ಹೊರಟ ಮೇಲೂ ಎರಡನೇ ಗೇರಿಗೆ ಹಾಕಿ ಎತ್ತಿನ ಗಾಡಿಯಂತೆ ಇಳಿಸತೊಡಗಿದ. ನಾನು ಲೆಕ್ಕದ ಮನುಷ್ಯ ನೋಡಿ, ಸುಮ್ಮನಿರಲಾರದೆ, "ಇಳಿಜಾರಲ್ಲವೇ, ನ್ಯೂಟ್ರಲ್ ಮಾಡಿ ಬಿಟ್ಟರೆ ತಾನೇ ಹೋಗುತ್ತದಲ್ಲ? ಡೀಸೆಲ್ಲೂ ಉಳಿಯುತ್ತೆ" ಎಂದೆ.

ಆತ ಉತ್ತರ ಕೊಡಲಿಲ್ಲ. ಎರಡು ತಿರುವು ಕಳೆದ ಮೇಲೆ ಗುಡ್ಡದ ಕಡೆಯ ಒಂದು ಬಂಡೆಯತ್ತ ಗಲ್ಲ ತೋರಿಸಿ, "ಡೀಸೆಲ್ ಉಳಿಸಿದ್ದೆ ಸ್ವಾಮಿ, ಅಲ್ಲಿ" ಎಂದ.

ಲಾರಿ ಹಿಡಿದ ಹೊಸತು. ಟಾಪ್ ಗೇರಿನಲ್ಲೇ ಇಳಿಜಾರಿಗೆ ಬಿದ್ದಿದ್ದನಂತೆ. ವೇಗ ಹೆಚ್ಚಿತು, ಬ್ರೇಕು ಒತ್ತಿದ, ಒತ್ತುತ್ತಲೇ ಇದ್ದ. ಬ್ರೇಕೆಂದರೆ ತಿರುಗುವ ಡ್ರಮ್ಮಿಗೆ ಒಳಗಿನಿಂದ ಪಟ್ಟಿಯೊಂದು ಉಜ್ಜಿಕೊಂಡು ತಡೆಯುವುದು ತಾನೇ? ಉಜ್ಜಿದ್ದೆಲ್ಲ ಬಿಸಿ. ಕೈ ಉಜ್ಜಿಕೊಂಡು ನೋಡಿ, ಗೊತ್ತಾಗುತ್ತದೆ. ಎಡೆಬಿಡದೆ ಉಜ್ಜಿದರೆ ಡ್ರಮ್ಮು ಕಾದು, ಪಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ಸುಟ್ಟ ವಾಸನೆ ಬಂತು. ಹೆದರಿ ಗೇರು ಇಳಿಸಲು ಹೋದ. ನ್ಯೂಟ್ರಲ್ಲಿಗೆ ಬಂತು, ಕೆಳಗಿನ ಗೇರಿಗೆ ಬೀಳಲಿಲ್ಲ. ಕರಕರ ಹಲ್ಲು ಕಡಿಯಿತು, ಅಷ್ಟೇ. ಈಗ ಲಾರಿಯನ್ನು ಹಿಡಿದಿಡಲು ಇಂಜಿನ್ನೂ ಇಲ್ಲ. ಒಂದು ಕಡೆ ಪ್ರಪಾತ. ಇನ್ನೊಂದು ಕಡೆಯ ಬಂಡೆಗೇ ತಿರುಗಿಸಿದ.

"ನಂಗೇನೂ ಆಗಲಿಲ್ಲ. ಕ್ಲೀನರ್ ಆಗಿದ್ದವನು ನನ್ನ ತಮ್ಮ. ಒಂದು ಕಾಲು ಹೋಯ್ತು. ಈಗ ಊರಲ್ಲಿ ಬೀಡಿ ಅಂಗಡಿ ಇಟ್ಕೊಂಡಿದಾನೆ."

ನಾನು ಗಡಿಯಾರ ನೋಡುವುದನ್ನು ಬಿಟ್ಟೆ. ಆತನೇ ಮಾತು ಮುಂದುವರಿಸಿದ. ನನಗಿಂತ ಹೆಚ್ಚಾಗಿ ಆ ಕ್ಲೀನರ್ ಹುಡುಗನಿಗೆ ಹೇಳುತ್ತಿದ್ದ ಎಂದು ಕಾಣುತ್ತದೆ. ಗೇರು ಇಳಿಸುವುದಾದರೆ ಇಳಿಜಾರಿಗೆ ಮುಂಚೆಯೇ ಇಳಿಸಬೇಕು. ಯಾವ ಗೇರಿನಲ್ಲಿ ಹತ್ತಬೇಕಾಗುತ್ತದೋ ಅದರಲ್ಲೇ, ಬೇಕಾದರೆ ಅದಕ್ಕೂ ಕಡಿಮೆಯದರಲ್ಲಿ ಇಳಿಯಬೇಕು. ಆಗ ಗಾಲಿಗಳೇ ಇಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಆ ಭಾರಕ್ಕೆ ಲಾರಿ ತಾನಾಗಿ ತಡೆಯುತ್ತದೆ. ಕೂಗುವುದು ಅದಕ್ಕೇ. ಬ್ರೇಕನ್ನು ಆಗಾಗ ಒತ್ತಿ ಬಿಟ್ಟರೆ ಸಾಕು, ಡ್ರಮ್ಮು ಆರಲು ಸಮಯ ಸಿಗುತ್ತದೆ.

ಗೇರು ಇಳಿಸುವುದನ್ನೂ ಒಮ್ಮೆ ಮಾಡಿ ತೋರಿಸಿದ, ಸ್ವಲ್ಪ ಮಟ್ಟಸವಾದ ಜಾಗದಲ್ಲಿ. ಕ್ಲಚ್ ಒತ್ತಿ ನ್ಯೂಟ್ರಲ್. ಕ್ಲಚ್ ಬಿಟ್ಟು ಆಕ್ಸಿಲರೇಟರಿಗೆ ಒಂದು ಒತ್ತು, ಇಂಜಿನ್ 'ವ್ರೂಂ' ಅನ್ನಬೇಕು. ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು. ಸದ್ದಿಲ್ಲದೆ ಹೋಗಿ ಕೂತಿತು. ಇದಕ್ಕೆ ಡಬಲ್ ಕ್ಲಚ್ ಎನ್ನುತ್ತಾರೆ. ನಡುವೆ ಆ 'ವ್ರೂಂ' ಏಕೆ? ಚಲಿಸುವ ಬಸ್ಸು ಹತ್ತುವವನು ಅದರ ಜೊತೆ ನಾಲ್ಕು ಹೆಜ್ಜೆ ಓಡುತ್ತಾನಲ್ಲ, ಹಾಗೆ. (ನೀವು ಹಾಗೆ ಹತ್ತಬೇಡಿ, ಮಕ್ಕಳೇ.) ಎರಡು ಹಲ್ಲುಚಕ್ರಗಳ ವೇಗ ಸರಿಹೊಂದದಿದ್ದರೆ ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ಈಗಿನ ಗೇರ್‌ಬಾಕ್ಸುಗಳಲ್ಲಿ ವೇಗ ಹೊಂದಿಸುವ ಕೆಲಸವನ್ನು ಒಳಗಿನ ಬಳೆಯೊಂದು ಮಾಡುತ್ತದೆ, ಸಿಂಕ್ರೊಮೆಶ್ ಎಂದು ಅದರ ಹೆಸರು. ಆ ಲಾರಿಯಲ್ಲಿ ಅದನ್ನು ಕಾಲು ಮತ್ತು ಕಿವಿಯೇ ಮಾಡಬೇಕಿತ್ತು.

ಅಂದು ಬ್ಯಾಂಕಿಗೆ ಒಂದು ಗಂಟೆ ತಡ. ಮ್ಯಾನೇಜರ್ ಮುಖ ಸಿಂಡರಿಸಿದರು, ಮರುದಿನ ಮರೆತರು.

ಇಷ್ಟನ್ನು ಮೊಮ್ಮಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಕೆಂಪುಹೊಳೆ ಹಿಂದಾಗಿತ್ತು. 2015 ಮತ್ತು 2018ರಲ್ಲಿ ಘಾಟಿ ಮುಚ್ಚಿ ಕಾಂಕ್ರೀಟ್ ಹಾಕಿದ ಮೇಲೆ ಹಳೆಯ ಹೊಂಡಗಳ ಕಾಟ ಕಡಿಮೆಯಾಗಿದೆ. ನಾನು ಬಂಡೆಯನ್ನು ಹುಡುಕಿದೆ, ಗುರುತು ಸಿಗಲಿಲ್ಲ. ಹುಡುಗ ಮಾತ್ರ ಕಿಟಕಿ ಬಿಟ್ಟು ಡ್ರೈವರಣ್ಣನ ಎಡಗೈಯನ್ನೇ ನೋಡುತ್ತಿದ್ದ.

ಗುಂಡ್ಯದಲ್ಲಿ ಬಸ್ಸು ನಿಂತಿತು. ಅಂದೂ ಇಲ್ಲೇ ಆ ಲಾರಿಯವನು ಇಳಿದು, ಪ್ರತಿ ಗಾಲಿಯ ಬಳಿ ಅಂಗೈ ಹಿಡಿದು, ಮುಟ್ಟದೆಯೇ ಶಾಖ ನೋಡಿದ್ದ. "ಬೆಚ್ಚಗಿದೆ ಅಷ್ಟೇ" ಎಂದು ಕ್ಲೀನರ್ ಹುಡುಗನ ಬೆನ್ನು ತಟ್ಟಿದ್ದ. ನಾನು ಚಹಾಕ್ಕೆ ಹೇಳಿ ತಿರುಗಿ ನೋಡಿದರೆ ನಮ್ಮವನು ಹಿಂಗಾಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಕೈ ಚಾಚಿದ್ದಾನೆ.

"ಏ ಮರೀ, ಮುಟ್ಟಬೇಡವೋ!" ಎಂದು ಡ್ರೈವರ್ ಓಡಿಬಂದರು.

"ಮುಟ್ಟಲ್ಲ ಅಂಕಲ್. ಬೆಚ್ಚಗಿದೆಯಾ ಅಂತ ನೋಡ್ತಿದೀನಿ."

ಅವರು ಅವನ ಪಕ್ಕದಲ್ಲೇ ಕೂತು ತಾವೂ ಕೈ ಚಾಚಿದರು.