ತಟ್ಟೆ ಸದ್ದಿಗೆ ಮುಂಚೆ ಒಂದು ಚೀಟಿ

ಊಟದ ಗಂಟೆಗೆ ಇನ್ನು ಸ್ವಲ್ಪ ಹೊತ್ತಿದೆ. ಇದು ಹೆಗ್ಗಡದೇವನಕೋಟೆ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ನಲಿಕಲಿ ಕೊಠಡಿ. ತಲೆಯ ಮೇಲೆ ದಾರದ ಚಪ್ಪರ, ಅದರ ತುಂಬ ಮಕ್ಕಳು ಕತ್ತರಿಸಿ ಅಂಟಿಸಿದ ಎಲೆ, ಮೀನು, ಗಾಳಿಪಟ. ಕೆಳಗೆ ದುಂಡಗೆ ಕೂತ ಗುಂಪುಗಳು. 1995ರಲ್ಲಿ ಈ ನಲಿಕಲಿ ಪದ್ಧತಿ ಶುರುವಾಗಿದ್ದೇ ಈ ತಾಲ್ಲೂಕಿನ ಶಾಲೆಗಳಲ್ಲಿ. ಪ್ರತಿ ಮಗುವೂ ತನ್ನ ಮೆಟ್ಟಿಲಿನಿಂದ ತಾನು ಹತ್ತಲಿ ಎಂಬುದು ಅದರ ತಿರುಳು. ಬನ್ನಿ, ಬಾಗಿಲ ಪಕ್ಕ ಕೂರೋಣ.

ಕಿಟಕಿ ಬಳಿಯ ಗುಂಪಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸ್ಲೇಟು ಹಿಡಿದಿದ್ದಾನೆ. ಆಟಿಸಂ ಇದೆ. ಅವನು ಆಡುವ ಮಾತು ಬೆರಳೆಣಿಕೆಯಷ್ಟು. ಬಳಪವನ್ನು ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಎಳೆಯುತ್ತಿದ್ದಾನೆ.

ಅಡುಗೆ ಕೋಣೆಯಲ್ಲಿ ಸ್ಟೀಲ್ ತಟ್ಟೆಗಳನ್ನು ಇಳಿಸತೊಡಗಿದರು. ಠಣ್, ಠಣ್. ಹುಡುಗನ ಭುಜಗಳು ಕಿವಿಯವರೆಗೂ ಏರಿದವು. ಒಂದು ಕೈ ಕಿವಿ ಮುಚ್ಚಿತು, ಇನ್ನೊಂದರ ಮಣಿಕಟ್ಟು ಹಲ್ಲಿನ ನಡುವೆ ಹೋಯಿತು. ಅಲ್ಲಿ ಚರ್ಮ ಜಡ್ಡುಗಟ್ಟಿದೆ, ನೋಡಿ. ಪಕ್ಕದ ಹುಡುಗಿ ಆಗಲೇ ಒಂದು ಮೊಳ ಸರಿದಿದ್ದಾಳೆ. “ಮಿಸ್, ಇವನು ಶುರು ಮಾಡ್ತಾನೆ.”

ಕಳೆದ ತಿಂಗಳು ಇಲ್ಲಿಂದ ಮುಂದೆ ಆಗುತ್ತಿದ್ದುದು ಎಲ್ಲರಿಗೂ ಬಾಯಿಪಾಠ. ಸ್ಲೇಟು ಹಾರುತ್ತಿತ್ತು, ಯಾರದೋ ಜುಟ್ಟು ಅವನ ಕೈಗೆ ಸಿಗುತ್ತಿತ್ತು. ಅಜ್ಜಿಗೆ ಫೋನ್ ಹೋಗುತ್ತಿತ್ತು. ಅಜ್ಜಿ ಕೂಲಿ ಬಿಟ್ಟು ಬಂದು, ಎಲ್ಲರ ಮುಂದೆ ತಲೆ ತಗ್ಗಿಸಿ, ಮೊಮ್ಮಗನನ್ನು ಕರೆದುಕೊಂಡು ಹೋಗುತ್ತಿದ್ದರು.

ಗೋಡೆಯ ಪಕ್ಕ ನಿಂತವರು ತಾಲ್ಲೂಕಿನ ಬಿ.ಐ.ಇ.ಆರ್.ಟಿ., ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಓಡಾಡುವ ಸಂಪನ್ಮೂಲ ಶಿಕ್ಷಕಿ. ಅವರ ನೋಟ್‌ಬುಕ್ಕಿಗೆ ಇಣುಕಿ. ಮೂರು ಕಾಲಂ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಹಟಮಾರಿ, ಪುಂಡ ಎಂಬ ಪದ ಎಲ್ಲೂ ಇಲ್ಲ. “ಬರಹ, ತಟ್ಟೆ ಸದ್ದು. ಸ್ಲೇಟು ಎಸೆದ. ಹೊರಗೆ ಕೂರಿಸಿದರು.” “ಬರಹ, ತಟ್ಟೆ ಸದ್ದು. ಜುಟ್ಟು ಎಳೆದ. ಮನೆಗೆ ಕಳಿಸಿದರು.” ಒಂದು ಶನಿವಾರದ ಸಾಲು ಮಾತ್ರ ಬೇರೆ: “ಹಾಡು, ತಟ್ಟೆ ಸದ್ದು. ಕಿವಿ ಮುಚ್ಚಿಕೊಂಡ, ಅಷ್ಟೆ.”

ಮೂರನೆಯ ಕಾಲಂ ಓದುವಾಗ ನನಗೆ ಸಂಕಟವಾಗುತ್ತದೆ. ಬರೆಯುವ ಕಷ್ಟದ ಮೇಲೆ ಕಿವಿ ಸೀಳುವ ಸದ್ದು. ಸಾಕು ಎನ್ನಲು ಬಾಯಲ್ಲಿ ಮಾತಿಲ್ಲ. ಜುಟ್ಟು ಎಳೆದರೆ ಎರಡರಿಂದಲೂ ಬಿಡುಗಡೆ ಎಂದು ಶಾಲೆಯೇ ಅವನಿಗೆ ಪ್ರತಿ ಸಲ ಕಲಿಸಿತು. ಅವನು ಚೆನ್ನಾಗಿಯೇ ಕಲಿತ.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲೇ ಇದಕ್ಕೊಂದು ದಾರಿ ತೋರಿಸಿದ್ದರು: ಮಗುವಿನ ರಂಪ ಏನನ್ನು ಕೇಳುತ್ತಿದೆಯೋ, ಅದನ್ನೇ ಕೇಳುವ ಸಲೀಸಾದ ಇನ್ನೊಂದು ಬಗೆಯನ್ನು ಕಲಿಸಿದರೆ ರಂಪ ಇಳಿಯುತ್ತದೆ. ನಮ್ಮಲ್ಲೂ ಕೆಲಸ ನಡೆದಿದೆ. ಬೌದ್ಧಿಕ ಅಂಗವೈಕಲ್ಯಕ್ಕೆಂದೇ ಇರುವ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ರೀಟಾ ಪೇಶಾವರಿಯಾ ಮತ್ತು ಎಸ್. ವೆಂಕಟೇಶನ್ 1992ರಲ್ಲಿ ಭಾರತದ ಮಕ್ಕಳಿಗೆಂದೇ ವರ್ತನೆಯ ಮಾಪಕವೊಂದನ್ನು ತಂದರು; ಅದರ ಒಂದು ಭಾಗ ಪೂರ್ತಿ ಇಂಥ ಸಮಸ್ಯೆಗಳಿಗೇ ಮೀಸಲು. ಮೂವತ್ತು ವರ್ಷ ದಾಟಿದರೂ ಈ ತಿಳಿವಳಿಕೆ ಹಳ್ಳಿಯ ಕೊಠಡಿಯೊಳಗೆ ಕಾಲಿಡುವುದು ಇಂಥ ಒಬ್ಬ ಸಂಪನ್ಮೂಲ ಶಿಕ್ಷಕಿಯ ಕೈಚೀಲದಲ್ಲಿ ಮಾತ್ರ.

ಈಗ ನೋಡಿ. ಸಂಪನ್ಮೂಲ ಶಿಕ್ಷಕಿ ಹುಡುಗನ ಹಿಂದೆ ಬಂದು ಕೂತರು. ಗದರಲಿಲ್ಲ, ಹೆಸರು ಕೂಗಲಿಲ್ಲ. ಸ್ಲೇಟಿನ ಪಕ್ಕ ಒಂದು ರಟ್ಟಿನ ಚೀಟಿ ಇದೆ. ಅದರ ಮೇಲೆ ಜಗಲಿಯ ಚಿತ್ರ. ಅವನ ಮೊಣಕೈಯನ್ನು ಮೆಲ್ಲಗೆ ಮುಂದಕ್ಕೆ ನೂಕಿದರು. ಹುಡುಗನ ಬೆರಳು ಚೀಟಿ ಹಿಡಿಯಿತು. ಎದುರಿಗಿದ್ದ ತರಗತಿಯ ಮಿಸ್ ಕೈಚಾಚಿ ತೆಗೆದುಕೊಂಡು ಆ ಕ್ಷಣವೇ ಹೇಳಿದರು: “ಹೊರಗೆ ಹೋಗ್ಬೇಕಾ? ಹೋಗು, ಕಂದ.”

ಆ ಕ್ಷಣವೇ ಎಂಬುದು ಮುಖ್ಯ. “ಇದೊಂದು ಸಾಲು ಬರೆದು ಹೋಗು” ಎಂದಿದ್ದರೆ ಚೀಟಿಗಿಂತ ಜುಟ್ಟೇ ವಾಸಿ ಎಂದು ಅವನಿಗೆ ಅನಿಸುತ್ತಿತ್ತು. ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿದೆ. ಹುಡುಗ ಅಲ್ಲಿ ಕೂತು ತೂಗಾಡುತ್ತಾನೆ. ತೂಗಾಡಲಿ, ಅದು ಯಾರಿಗೂ ನೋವು ಮಾಡುವುದಿಲ್ಲ. ಸ್ವಲ್ಪ ಹೊತ್ತಿಗೆ ಮಿಸ್ ಬಂದು ಚಿತ್ರಪಟ್ಟಿ ತೋರಿಸುತ್ತಾರೆ: ಬರಹ, ಕೈ ತೊಳೆಯುವುದು, ಊಟ. ಅವನು ಒಳಬಂದು ಒಂದು ಅಕ್ಷರ ತಿದ್ದುತ್ತಾನೆ. ಒಂದೇ ಒಂದು. ಇವತ್ತಿಗೆ ಅಷ್ಟು ಸಾಕು.

ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. ಕೈ ತೊಳೆಯುವ ಸಾಲಿನಲ್ಲಿ ನೂಕುನುಗ್ಗಲು. ಹುಡುಗ ಕಿರುಚಿ ಮುಂದಿನವಳ ಜಡೆಗೆ ಕೈ ಹಾಕಿಯೇಬಿಟ್ಟ. ಮಿಸ್ ಜಡೆಯ ಬುಡವನ್ನು ಒತ್ತಿ ಹಿಡಿದರು, ಹುಡುಗಿಗೆ ನೋವಾಗದ ಹಾಗೆ. ಅವನ ಬೆರಳು ಒಂದೊಂದಾಗಿ ಬಿಡಿಸಿದರು, ಚೀಟಿ ಕೈಗಿಟ್ಟರು, ಸಾಲಿನಿಂದಾಚೆ ಕರೆದೊಯ್ದರು. ಅಳುತ್ತಿದ್ದ ಹುಡುಗಿಯನ್ನು ಮೊದಲು ಅಪ್ಪಿ ಸಮಾಧಾನಿಸಿದರು. ಇದೂ ಆಗಲೇಬೇಕಾದ ಕೆಲಸ. ಏಟು ತಿಂದ ಮಗುವನ್ನು ಮರೆತರೆ ಇಡೀ ತರಗತಿ ಇವನಿಗೆ ಶತ್ರುವಾಗುತ್ತದೆ. ಹಳೆಯ ದಾರಿ ಮುಚ್ಚಿದಾಗ ಕೆಲವು ದಿನ ರಂಪ ಹೆಚ್ಚುವುದುಂಟು. ಬಹಳ ಶಾಲೆಗಳು ಕೈಚೆಲ್ಲುವುದು ಆ ದಿನಗಳಲ್ಲೇ.

ಊಟಕ್ಕೆ ಅಡುಗೆಯ ಅಕ್ಕ ಅವನ ಅನ್ನ ಬೇರೆ, ಸಾರು ಬೇರೆ ಬಡಿಸುತ್ತಾರೆ. ಕಲಸಿದರೆ ಮುಟ್ಟುವುದಿಲ್ಲ ಎಂಬುದನ್ನು ಯಾವ ತರಬೇತಿಯೂ ಇಲ್ಲದೆ ಆಕೆ ಎಂದೋ ಗಮನಿಸಿದ್ದರು. ನಾಳೆಯಿಂದ ತಟ್ಟೆ ಇಳಿಸುವ ಮುಂಚೆ ಬಂದು ಹೇಳುತ್ತೇನೆ ಎಂದೂ ಒಪ್ಪಿದ್ದಾರೆ. ಆಗ ಹಾಜರಿ ಪುಸ್ತಕವನ್ನು ಹೆಡ್‌ಮಾಸ್ತರರ ಕೋಣೆಗೆ ತಲುಪಿಸುವ ಕೆಲಸ ಹುಡುಗನದು.

ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತವಾಗಿ ಕಲಿಯುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೊಟ್ಟಿದೆ. ನಿಮ್ಮ ಶಾಲೆಯಲ್ಲಿ ಇಂಥ ಮಗು ಇದ್ದರೆ ದಯವಿಟ್ಟು ಅಜ್ಜಿಗೆ ಫೋನ್ ಮಾಡುವ ಮೊದಲು ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಫೋನ್ ಮಾಡಿ, ಬಿ.ಐ.ಇ.ಆರ್.ಟಿ.ಯನ್ನು ಕರೆಸಿ. ಅವರು ಬರುವುದರೊಳಗೆ ಆ ಮೂರು ಕಾಲಂ ನೀವೇ ಬರೆಯಲು ಶುರುಮಾಡಿ.