ಸೈಡ್ ಡ್ರಮ್ಮಿಗೆ ಓಣಿ ಇಲ್ಲ

ನಮ್ಮ ಕಡೆ ಸಪ್ಪಳ ಕೇಳಿದರೆ ಸಾಕು, ಬಾರಿಸುವವರು ಯಾವ ಓಣಿಯವರು ಅಂತ ಹೇಳಿಬಿಡಬಹುದು. ಡೊಳ್ಳು ಕೇಳಿಸಿದರೆ ಹಾಲುಮತದವರು, ಬೀರಪ್ಪನ ಗುಡಿ ಕಡೆಯವರು. ಸನಾದಿ, ಸಂಬಾಳ ಕೇಳಿಸಿದರೆ ಭಜಂತ್ರಿ ಮನೆಗಳವರು. ಹಲಗಿ ಕೇಳಿಸಿದರೆ ಊರ ಕೊನೆಯ ದಲಿತರ ಓಣಿಯವರು. ಯಾರೂ ಎಲ್ಲೂ ಬರೆದಿಟ್ಟಿಲ್ಲ. ಆದರೆ ಊರಲ್ಲಿ ಎಲ್ಲರಿಗೂ ಗೊತ್ತು.

ಈ ಲೆಕ್ಕಕ್ಕೆ ಸಿಗದ ವಾದ್ಯ ನಮ್ಮೂರಲ್ಲಿ ಒಂದೇ ಇತ್ತು. ಅದು ಶಾಲೆಯ ಬ್ಯಾಂಡ್‌ಸೆಟ್ಟಿನ ಸೈಡ್ ಡ್ರಮ್.

ನಾವು ಮೂವರೂ ಕಾಗಿನೆಲೆ ಸುತ್ತಮುತ್ತಲಿನವರು. ಮೊದಲು ಒಂದೇ ಶಾಲೆಯಲ್ಲಿ ಕಲಿತು, ಆಮೇಲೆ ಪತ್ರಿಕೋದ್ಯಮ ಓದಿದವರು. ಒಬ್ಬ ಡೊಳ್ಳಿನ ಮನೆಯವ, ಒಬ್ಬ ಹಲಗಿ ಮನೆಯವ, ಒಬ್ಬಳು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ರೈತರ ಮನೆಯವಳು. ಬೇರೆ ಬೇರೆ ವರ್ಷ ಮೂವರೂ ಅದೇ ಡ್ರಮ್ಮಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಿದ್ದೇವೆ. ಆ ಡ್ರಮ್ ಎಲ್ಲಿಂದ ಬಂತು, ಏನು ಕೆಲಸ ಮಾಡುತ್ತದೆ, ಅದು ಮೂಲೆ ಸೇರಿದರೆ ಊರು ಏನು ಕಳೆದುಕೊಳ್ಳುತ್ತದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇವೆ.

ತೊಡೆಯ ಪಕ್ಕದ ಡ್ರಮ್

ಸೈಡ್ ಡ್ರಮ್ ಅನ್ನುವ ಹೆಸರು ಬಂದದ್ದು ಅದನ್ನು ಹಾಕಿಕೊಳ್ಳುವ ರೀತಿಯಿಂದ. ಪಟ್ಟಿ ಬಲ ಹೆಗಲ ಮೇಲಿಂದ ಇಳಿಯುತ್ತದೆ, ಡ್ರಮ್ ಎಡ ತೊಡೆಯ ಪಕ್ಕಕ್ಕೆ ಓರೆಯಾಗಿ ತೂಗುತ್ತದೆ. ಮುಂದೆ ಕಟ್ಟಿಕೊಂಡರೆ ನಡೆಯುವಾಗ ಮೊಣಕಾಲು ಬಡಿಯುತ್ತದೆ. ಸೈನಿಕ ಮೈಲುಗಟ್ಟಲೆ ನಡೆಯಬೇಕು, ನಡೆಯುತ್ತಲೇ ಬಾರಿಸಬೇಕು. ಅದಕ್ಕೇ ಅದು ಪಕ್ಕಕ್ಕೆ ಹೋಯಿತು.

ಓರೆಯಾಗಿ ತೂಗುವುದರಿಂದ ಎರಡು ಕೈಯಲ್ಲೂ ಕೋಲನ್ನು ಒಂದೇ ರೀತಿ ಹಿಡಿಯಲು ಬರುವುದಿಲ್ಲ. ಬಲಗೈಯ ಕೋಲನ್ನು ಸುತ್ತಿಗೆ ಹಿಡಿದಂತೆ ಮೇಲಿನಿಂದ ಹಿಡಿಯುತ್ತಾರೆ. ಎಡಗೈ ಅಂಗೈ ಮೇಲಾಗಿರುತ್ತದೆ, ಕೋಲು ಹೆಬ್ಬೆರಳ ಸಂದಿಯಲ್ಲಿ ಕೂತು ಬೆರಳುಗಳ ನಡುವೆ ಹಾದುಹೋಗುತ್ತದೆ. ಈಗ ಕುರ್ಚಿಯಲ್ಲಿ ಕೂತು ಬಾರಿಸುವವರಲ್ಲೂ ಎಷ್ಟೋ ಜನ ಹೀಗೇ ಹಿಡಿಯುತ್ತಾರೆ. ನಡೆಯುವ ಸೈನಿಕನ ಕೈ ಅವರ ಕೈಯಲ್ಲಿ ಉಳಿದುಕೊಂಡಿದೆ.

ಡ್ರಮ್ಮಿಗೆ ಎರಡು ಮುಖ. ಮೇಲಿನದು ಬಾರಿಸಲಿಕ್ಕೆ. ಕೆಳಗಿನದರ ಮೇಲೆ ಅಡ್ಡಲಾಗಿ ತಂತಿಗಳನ್ನು ಬಿಗಿದಿರುತ್ತಾರೆ. ಮೊದಲು ಇದಕ್ಕೆ ಪ್ರಾಣಿಯ ಕರುಳಿನ ದಾರ ಬಳಸುತ್ತಿದ್ದರು. ಮೇಲೆ ಪೆಟ್ಟು ಬಿದ್ದಾಗ ಒಳಗಿನ ಗಾಳಿ ಕೆಳಗಿನ ಮುಖವನ್ನು ಅದುರಿಸುತ್ತದೆ, ಅದು ತಂತಿಗೆ ಬಡಿಯುತ್ತದೆ. ಆ 'ಚರ್ರ್' ಅನ್ನುವ ಸದ್ದು ಹುಟ್ಟುವುದು ಅಲ್ಲಿ. ಪಕ್ಕದಲ್ಲಿರುವ ಸಣ್ಣ ಲಿವರ್ ತಿರುಗಿಸಿ ತಂತಿ ಸಡಿಲಿಸಿದರೆ ಅದೇ ಡ್ರಮ್ 'ಧಬ್ ಧಬ್' ಅನ್ನುತ್ತದೆ, ಬಾಯಿಗೆ ಬಟ್ಟೆ ಕಟ್ಟಿದ ಹಾಗೆ. ಸೈನಿಕರ ಶವಯಾತ್ರೆಯಲ್ಲಿ ತಂತಿ ಸಡಿಲಿಸಿ ಅಥವಾ ಡ್ರಮ್ಮಿಗೆ ಕಪ್ಪು ಬಟ್ಟೆ ಹೊದಿಸಿ ಬಾರಿಸುವ ಪದ್ಧತಿ ಇದೆ. ಸತ್ತವರ ಮನೆ ಮುಂದೆ ಹಲಗಿಯ ಬಡಿತ ಬೇರೆಯಾಗುವುದು ನಮ್ಮೂರವರಿಗೆ ಗೊತ್ತು. ಅಲ್ಲೂ ಅದೇ ತಿಳಿವಳಿಕೆ.

ಸೈನ್ಯಕ್ಕೆ ಯಾಕೆ ಬೇಕಿತ್ತು

ಯುರೋಪಿನಲ್ಲಿ 15ನೇ ಶತಮಾನದ ಹೊತ್ತಿಗೆ ಸ್ವಿಸ್ ಕಾಲಾಳುಗಳು ಕೊಳಲು ಮತ್ತು ಡ್ರಮ್ ಇಟ್ಟುಕೊಂಡು ಯುದ್ಧಕ್ಕೆ ನಡೆಯುತ್ತಿದ್ದರು. ಮೈಕ್ ಇಲ್ಲ, ವಾಕಿಟಾಕಿ ಇಲ್ಲ. ತೋಪು, ಬಂದೂಕಿನ ಸದ್ದಿನ ನಡುವೆ ಅಧಿಕಾರಿಯ ಗಂಟಲು ಹತ್ತು ಮಾರು ದಾಟುವುದಿಲ್ಲ. ಡ್ರಮ್ಮಿನ ಚುರುಕು ಸದ್ದು ದಾಟುತ್ತಿತ್ತು. ಏಳಿ, ಸೇರಿ, ಮುಂದೆ ನಡೆಯಿರಿ, ಹಿಂದೆ ಸರಿಯಿರಿ ಅನ್ನುವುದಕ್ಕೆಲ್ಲ ಬೇರೆ ಬೇರೆ ಬಡಿತ. ಹತ್ತು ಹನ್ನೆರಡು ವರ್ಷದ ಹುಡುಗರನ್ನೂ ಡ್ರಮ್ ಬಾರಿಸಲು ರಣರಂಗಕ್ಕೆ ಕರೆದೊಯ್ದದ್ದು ಆ ಸೈನ್ಯಗಳ ಚರಿತ್ರೆಯಲ್ಲಿದೆ.

ಬ್ಯಾಂಡ್‌ಸೆಟ್ಟಿನ ದೊಡ್ಡ ಡ್ರಮ್ ಮತ್ತು ತಾಳದ ಕಥೆ ಇನ್ನೊಂದು. ಅವು ಯುರೋಪಿನ ಸೈನ್ಯಕ್ಕೆ ಹೋದದ್ದು 18ನೇ ಶತಮಾನದಲ್ಲಿ, ತುರ್ಕಿ ಸೈನ್ಯದ ವಾದ್ಯಮೇಳವನ್ನು ನೋಡಿ. ಅಂದರೆ ನಾವು ಇಂಗ್ಲಿಷರ ವಾದ್ಯ ಅಂದುಕೊಂಡದ್ದರಲ್ಲಿ ಅರ್ಧ ಪೂರ್ವದ ಕಡೆಯಿಂದಲೇ ಹೋದದ್ದು. ನಮ್ಮಲ್ಲೂ ನಗಾರಿ, ರಣಭೇರಿ, ಕಹಳೆ ಇಲ್ಲದೆ ಸೈನ್ಯ ಹೊರಡುತ್ತಿರಲಿಲ್ಲ. ಕನಕದಾಸರು ದಾಸರಾಗುವ ಮೊದಲು ಬಾಡದ ದಂಡನಾಯಕರಾಗಿದ್ದರು, ಯುದ್ಧದಲ್ಲಿ ಗಾಯಗೊಂಡ ಮೇಲೆ ಆದಿಕೇಶವನ ಕಡೆ ತಿರುಗಿದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಆ ಕತೆ ಕೇಳಿ ಬೆಳೆದ ಕಾಗಿನೆಲೆಯ ಮಕ್ಕಳಿಗೆ ರಣವಾದ್ಯ ಹೊಸ ಸುದ್ದಿಯಲ್ಲ.

ಈಗ ಯುದ್ಧದಲ್ಲಿ ಡ್ರಮ್ಮಿಗೆ ಕೆಲಸ ಇಲ್ಲ, ಕವಾಯತಿನಲ್ಲಿ ಇದೆ. 'ತೇಜ್ ಚಲ್' ಅಂದರೆ ನಿಮಿಷಕ್ಕೆ ಸುಮಾರು 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎಡಗಾಲು ಬೀಳಬೇಕು. ಎರಡು ಪೆಟ್ಟುಗಳ ನಡುವಿನ ಜಾಗವನ್ನು ಸೈಡ್ ಡ್ರಮ್ ತುಂಬುತ್ತದೆ. ಅದರಿಂದ ಬಲಗಾಲಿಗೂ ತನ್ನ ಹೊತ್ತು ಗೊತ್ತಾಗುತ್ತದೆ. ಜನವರಿ 29ಕ್ಕೆ ದೆಹಲಿಯ ವಿಜಯ್ ಚೌಕದಲ್ಲಿ ನಡೆಯುವ ಬೀಟಿಂಗ್ ರಿಟ್ರೀಟ್ ಟಿವಿಯಲ್ಲಿ ನೋಡಿ. ಮೈಸೂರು ದಸರೆಯ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡ್ ಹೋಗುವಾಗ ನೋಡಿ. ಕಣ್ಣು ಮುಚ್ಚಿದರೂ ಕಾಲುಗಳ ಲೆಕ್ಕ ಸಿಗುತ್ತದೆ.

ನಮ್ಮ ಶಾಲೆಗೆ ಬಂದ ದಾರಿ

ಕವಾಯತು ನಮ್ಮ ಭಾಗದ ಶಾಲೆಗಳಿಗೆ ಬರೀ ಬ್ರಿಟಿಷ್ ಸೈನ್ಯದಿಂದ ಬಂದದ್ದಲ್ಲ. 1923ರಲ್ಲಿ ಡಾ. ನಾ. ಸು. ಹರ್ಡೀಕರ್ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಅವರು ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯನ್ನು ನೆಲೆ ಮಾಡಿಕೊಂಡು ದುಡಿದವರು. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸೇವಾದಳದ ಸ್ವಯಂಸೇವಕರು ಅಲ್ಲಿ ದುಡಿದರು. ಸಮವಸ್ತ್ರ, ಸಾಲು, ಧ್ವಜವಂದನೆ, ಒಂದೇ ಹೆಜ್ಜೆಯ ನಡಿಗೆ, ಇವನ್ನು ಅವರು ಆಳುವವರ ಕೈಯಿಂದ ಆಳಿಸಿಕೊಳ್ಳುವವರ ಕೈಗೆ ತಂದರು. ಇವತ್ತಿಗೂ ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳ ಇದೆ, ಸ್ಕೌಟ್ ಇದೆ, ಕೆಲವು ಕಡೆ ಎನ್‌ಸಿಸಿ ಇದೆ. ಅವುಗಳ ಜತೆಗೆ ಬ್ಯಾಂಡ್‌ಸೆಟ್ ಬಂತು: ಒಂದು ದೊಡ್ಡ ಡ್ರಮ್, ಎರಡೋ ನಾಲ್ಕೋ ಸೈಡ್ ಡ್ರಮ್, ತಾಳ, ಟ್ರಯಾಂಗಲ್.

ನಮ್ಮ ಶಾಲೆಯ ಪಿಟಿ ಮಾಸ್ತರರು ಹುಡುಗರನ್ನು ಆರಿಸುವಾಗ ಒಂದೇ ಪರೀಕ್ಷೆ ಇಡುತ್ತಿದ್ದರು. ಬೆಂಚಿನ ಮೇಲೆ ಎರಡು ಕೋಲಿಂದ ಬಡಿಯಬೇಕು: ಬಲಗೈ ಎರಡು, ಎಡಗೈ ಎರಡು, ಮತ್ತೆ ಬಲಗೈ ಎರಡು, ಎಡಗೈ ಎರಡು. ಮೊದಲು ನಿಧಾನ, ಆಮೇಲೆ ಜೋರು. ಎರಡು ಕೈಯ ಸದ್ದಿನಲ್ಲಿ ವ್ಯತ್ಯಾಸ ಕೇಳಿಸಬಾರದು. ಜೋರಾಗುತ್ತಾ ಹೋದಂತೆ ತಗಡಿನ ಮೇಲೆ ಮಳೆ ಬಿದ್ದ ಹಾಗೆ ಒಂದೇ ಸದ್ದಾಗಬೇಕು. ಇದಕ್ಕೆ ರೋಲ್ ಅನ್ನುತ್ತಾರೆ. ನಿನ್ನ ಓಣಿ ಯಾವುದು ಅಂತ ಅವರು ಯಾರನ್ನೂ ಕೇಳಲಿಲ್ಲ.

ಡೊಳ್ಳಿನ ಮನೆಯ ನಮ್ಮವನಿಗೆ ಕಷ್ಟವಾಯಿತು. ಡೊಳ್ಳಿಗೆ ಬಲಗೈಯಲ್ಲಿ ಕೋಲು, ಎಡಗೈ ಬರೀ ಅಂಗೈ. ಅವನ ಎಡಗೈಗೆ ಕೋಲಿನ ಅಭ್ಯಾಸವೇ ಇರಲಿಲ್ಲ, ವಾರ ಹಿಡಿಯಿತು. ರೈತರ ಮನೆಯವಳಿಗೆ ತಿಂಗಳು ಹಿಡಿಯಿತು. ಹಲಗಿ ಮನೆಯವ ಮೊದಲ ದಿನವೇ ಬಾರಿಸಿದ.

ಅದಕ್ಕೆ ಕಾರಣ ಹೇಳಿದ್ದು ಅವನ ಅಜ್ಜ. ಹಲಗಿಗೆ ಎರಡು ಕೋಲು. ಬಲಗೈಯಲ್ಲಿ ಗಿಡ್ಡ, ದಪ್ಪನೆಯದು. ಎಡಗೈಯಲ್ಲಿ ಉದ್ದನೆಯ ತೆಳ್ಳನೆ ಕಡ್ಡಿ. ದಪ್ಪ ಕೋಲು ಪೆಟ್ಟು ಹಾಕುತ್ತದೆ, ತೆಳ್ಳನೆ ಕಡ್ಡಿ ನಡುವಿನ ಜಾಗವನ್ನು ಚಟಚಟ ಅಂತ ತುಂಬುತ್ತದೆ. "ನಿಮ್ಮ ಸಾಲ್ಯಾಗ ಇಬ್ಬರು ಮಾಡೋದನ್ನ ನಾವು ಒಬ್ಬರ ಮಾಡತೀವಿ ತಮ್ಮಾ. ದೊಡ್ಡ ಡ್ರಮ್ಮೂ ನಾವ, ಸಣ್ಣ ಡ್ರಮ್ಮೂ ನಾವ," ಅಂದರು ಅಜ್ಜ. ಮಾತು ಖರೆ. ಸೈನ್ಯದ ಬ್ಯಾಂಡು ಎರಡು ವಾದ್ಯಕ್ಕೆ ಹಂಚಿದ ಕೆಲಸವನ್ನು ಹಲಗಿ ಒಂದೇ ಚರ್ಮದ ಮೇಲೆ ಮಾಡುತ್ತದೆ.

ಅದೇ ಕೈ, ಬೇರೆ ಮರ್ಯಾದೆ

ಆಗಸ್ಟ್ 15ರ ಪ್ರಭಾತಫೇರಿ ಊರ ಎಲ್ಲ ಓಣಿಯಲ್ಲೂ ಹೋಗುತ್ತಿತ್ತು. ಗೌಡರ ಮನೆ ಮುಂದೆ, ಗುಡಿ ಮುಂದೆ, ದಲಿತರ ಓಣಿಯಲ್ಲೂ. ಮುಂದೆ ಧ್ವಜ, ಅದರ ಹಿಂದೆ ಡ್ರಮ್. ಹಲಗಿ ಮನೆಯ ಹುಡುಗ ಬಿಳಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮುಂದೆ ನಡೆದ. ಗುಡಿ ಮುಂದೆ ನಿಂತವರು ಜಾಗ ಬಿಟ್ಟರು, ಮನೆ ಮುಂದೆ ಕೂತವರು ಎದ್ದು ನಿಂತರು. ಮಕ್ಕಳಿಗೆ ಪೆಪ್ಪರ್ಮೆಂಟ್ ಹಂಚಿದ ಹಿರಿಯರೊಬ್ಬರು ಅವನ ಬೆನ್ನು ತಟ್ಟಿ "ಭಾಳ ಚಲೋ ಬಾರಸ್ತಾನ್ರಿ" ಅಂದರು.

ಅದೇ ಹಿರಿಯರ ಮನೆಯ ದೇವರ ಕಾರ್ಯಕ್ಕೆ ಅವನ ಅಜ್ಜ ಎಷ್ಟೋ ವರ್ಷ ಹಲಗಿ ಬಾರಿಸಿದ್ದಾರೆ. ಅಜ್ಜ ನಿಲ್ಲುತ್ತಿದ್ದದ್ದು ಅಂಗಳದ ಹೊರಗೆ. ಊಟ ಎಲ್ಲರದು ಮುಗಿದ ಮೇಲೆ. ಕರೆಯುತ್ತಿದ್ದದ್ದು "ಏ ಬಾರೋ" ಅಂತ, ತಮಗಿಂತ ಹಿರಿಯ ಅನ್ನುವುದನ್ನೂ ನೋಡದೆ. ಮೊಮ್ಮಗನ ಕೈಗೆ ಬಂದದ್ದು ಅಜ್ಜನ ಕೈಯೇ. ತೊಡೆಯ ಪಕ್ಕ ಡ್ರಮ್ ಇದ್ದಾಗ ಅದು ಜಾಣತನ, ಎದೆಗೆ ಹಲಗಿ ಇದ್ದಾಗ ಅದು ಚಾಕರಿ.

ಅವನ ಅಪ್ಪ ಹಲಗಿ ಮುಟ್ಟಲಿಲ್ಲ. "ಆ ಕೋಲು ನಮ್ಮಪ್ಪನ ಜತಿಗೇ ಹೋಗ್ಲಿ. ನನ್ನ ಮಗ ಸಾಲ್ಯಾಗ ಬೇಕಾದ್ದು ಬಾರಿಸ್ಲಿ," ಅಂತ ಹೇಳಿ ರಾಣೆಬೆನ್ನೂರಿಗೆ ಕೆಲಸಕ್ಕೆ ಹೋದರು. ಕಲೆ ಹಾಳಾಗುತ್ತದೆ, ನೀವು ಬಿಡಬಾರದು ಅಂತ ಅವರಿಗೆ ಬುದ್ಧಿ ಹೇಳುವ ಹಕ್ಕು ನಮಗೆ ಇಲ್ಲ ಅಂತ ನಾವು ಮೂವರೂ ಒಪ್ಪಿದ್ದೇವೆ. ಬಿಡುವುದು ಅವರ ಹಕ್ಕು. ಮರ್ಯಾದೆ ಕೊಡದೆ ಬಾರಿಸು ಅನ್ನುವ ಹಕ್ಕು ಯಾರಿಗೂ ಇಲ್ಲ.

ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ ಬೀಳುತ್ತದೆ. ಇಬ್ಬರನ್ನೂ ಸೆರೆಯಲ್ಲಿಟ್ಟು ತಿಂಗಳುಗಟ್ಟಲೆ ಕಾದ ಮೇಲೆ, ಕೆಡದೆ ಉಳಿದ ರಾಗಿಗೆ ರಾಮ ಮರ್ಯಾದೆ ಕೊಡುತ್ತಾನೆ. ವಾದ್ಯಗಳನ್ನೂ ಹಾಗೆ ಪರೀಕ್ಷೆಗೆ ಇಟ್ಟಿದ್ದರೆ ಹಲಗಿ ಎಲ್ಲಿ ಕೂರುತ್ತಿತ್ತು ಅಂತ ನೀವೇ ಯೋಚಿಸಿ.

ಸ್ಪೀಕರ್ ಹಿಂದೆ ತಿರುಗಿ ನೋಡುವುದಿಲ್ಲ

ಈಗ ಬಹಳ ಶಾಲೆಗಳಲ್ಲಿ ಬ್ಯಾಂಡ್‌ಸೆಟ್ ಕಪಾಟಿನ ಮೇಲೆ ಕೂತಿದೆ. ಒಂದರ ಹಾಳೆ ಹರಿದಿದೆ, ಇನ್ನೊಂದರ ತಂತಿ ಕಿತ್ತಿದೆ, ಕೋಲು ಒಂಟಿ. ಪ್ರಭಾತಫೇರಿಗೆ ಟಂಟಂ ಮೇಲೆ ಸ್ಪೀಕರ್ ಇಟ್ಟು ಮೊಬೈಲಿನಿಂದ ಹಾಡು ಹಾಕುತ್ತಾರೆ. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರ ಜಾಗಕ್ಕೆ ಡಿಜೆ ಬಂದ ಹಾಗೆಯೇ ಇದೂ.

ಸ್ಪೀಕರಿನ ಸದ್ದು ದೊಡ್ಡದು, ಆದರೆ ಅದಕ್ಕೆ ಹಿಂದೆ ಏನಾಗುತ್ತಿದೆ ಅನ್ನುವುದು ಗೊತ್ತಿಲ್ಲ. ಮೂಲೆಯಲ್ಲಿ ತಿರುಗುವಾಗ ಸಾಲಿನ ಬಾಲ ಹಿಂದೆ ಬೀಳುತ್ತದೆ. ಒಂದನೇ ತರಗತಿ ಮಕ್ಕಳ ಕಾಲು ಗಿಡ್ಡ. ಡ್ರಮ್ ಬಾರಿಸುವ ಮಗು ಅದನ್ನು ನೋಡುತ್ತದೆ. ನಿಂತಲ್ಲೇ ಹೆಜ್ಜೆ ಹಾಕಿಸುತ್ತದೆ, ಬಾಲ ಬಂದು ಸೇರಿದ ಮೇಲೆ ಮತ್ತೆ ಹೊರಡಿಸುತ್ತದೆ. ಮೊಬೈಲಿನ ಹಾಡು ಯಾರನ್ನೂ ಕಾಯುವುದಿಲ್ಲ. ಹಿಂದೆ ಬಿದ್ದವರು ಸೇರುವವರೆಗೆ ಮುಂದಿನವರನ್ನು ತಡೆಯುವುದೇ ಸೈಡ್ ಡ್ರಮ್ಮಿನ ದೊಡ್ಡ ಕೆಲಸ ಅಂತ ನಮಗೆ ಅನಿಸಿದೆ.

ಡ್ರಮ್ ಹೋದರೆ ಅದರ ಜತೆ ಇನ್ನೊಂದೂ ಹೋಗುತ್ತದೆ. ಊರಲ್ಲಿ ಯಾವ ಓಣಿಯ ಹುಡುಗನಾದರೂ, ಹುಡುಗಿಯಾದರೂ ಹೆಗಲಿಗೆ ಹಾಕಿಕೊಳ್ಳಬಹುದಾಗಿದ್ದ ಒಂದೇ ವಾದ್ಯ ಅದು. ನಮ್ಮ ರೈತರ ಮನೆಯವಳು ಹೇಳುತ್ತಾಳೆ: ಡೊಳ್ಳು ಮುಟ್ಟಲು ಹೋದರೆ ಹುಡುಗಿ ಅನ್ನುತ್ತಿದ್ದರು, ಹಲಗಿ ಮುಟ್ಟಲು ಹೋದರೆ ಜಾತಿ ಅನ್ನುತ್ತಿದ್ದರು, ಡ್ರಮ್ ಹಾಕಿಕೊಂಡಾಗ ಯಾರೂ ಏನೂ ಅನ್ನಲಿಲ್ಲ.

ಇದನ್ನು ಉಳಿಸುವುದು ಕಷ್ಟವಲ್ಲ. ಜುಲೈನಲ್ಲೇ ಡ್ರಮ್ ಕೆಳಗಿಳಿಸಿ ನೋಡಿ. ಈಗಿನ ಡ್ರಮ್ಮಿಗೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಹಲಗಿಯ ಹಾಗೆ ಬೆಂಕಿಗೆ ಹಿಡಿದು ಕಾಸಬೇಕಿಲ್ಲ, ಕಾಸಬೇಡಿ. ಮಳೆಗಾಲದ ತಂಪಿಗೆ ಸ್ಕ್ರೂ, ತಂತಿ ತುಕ್ಕು ಹಿಡಿದಿರುತ್ತವೆ, ಒರೆಸಿ ಒಂದು ಹನಿ ಎಣ್ಣೆ ಬಿಡಿ. ಬಿಗಿಯುವಾಗ ಒಂದರ ಪಕ್ಕದ್ದು ಬಿಗಿಯಬೇಡಿ. ಒಂದು ಸ್ಕ್ರೂ, ಆಮೇಲೆ ಅದರ ಎದುರಿನದು, ಹೀಗೆ ಸ್ವಲ್ಪ ಸ್ವಲ್ಪ ಬಿಗಿಯಿರಿ. ಇಲ್ಲದಿದ್ದರೆ ಹಾಳೆ ಒಂದು ಕಡೆ ಎಳೆದು ಸದ್ದು ಕೆಡುತ್ತದೆ. ಹಾಳೆ, ತಂತಿ, ಕೋಲು ಬಿಡಿಯಾಗಿ ಸಿಗುತ್ತವೆ, ಇಡೀ ಸೆಟ್ ಹೊಸದು ತರುವ ಕಾರಣವಿಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಒಂದು ಮಾತು ಎತ್ತಿದರೆ ಆಗುವ ಕೆಲಸ.

ಕಲಿಸುವವರು ಇಲ್ಲ ಅನ್ನುವ ಮಾತು ಬರುತ್ತದೆ. ಊರಿಗೆ ಬಂದ ನಿವೃತ್ತ ಸೈನಿಕರನ್ನು ಕೇಳಿ, ಕವಾಯತಿನ ಲೆಕ್ಕ ಅವರಿಗೆ ಬಾಯಿಪಾಠ. ಹಲಗಿ ಬಾರಿಸುವ ಹಿರಿಯರು ಇನ್ನೂ ಇದ್ದರೆ, ಅವರಿಗೆ ಮನಸ್ಸಿದ್ದರೆ, ಅವರನ್ನೂ ಕರೆಯಿರಿ. ಆದರೆ ಗೇಟಿನ ಹೊರಗೆ ನಿಲ್ಲಿಸಿ ಅಲ್ಲ. ಕುರ್ಚಿ ಹಾಕಿ, "ಬರ್ರಿ ಅಜ್ಜಾರ, ಕೂಡ್ರಿ" ಅಂತ ಹೇಳಿ, ಮಾಸ್ತರರಿಗೆ ಕೊಡುವ ಚಹಾ ಕೊಟ್ಟು, ಕಲಿಸಿದ್ದಕ್ಕೆ ಹಣ ಕೊಟ್ಟು. ಆ ಕುರ್ಚಿ ಹಾಕಲು ಊರು ಒಪ್ಪಿದರೆ ಡ್ರಮ್ ತಾನಾಗಿ ಕಪಾಟಿನಿಂದ ಇಳಿಯುತ್ತದೆ.